ಬಿಟ್ಟುಹೋದ ಉಕಾರ

ರಾತ್ರಿ ಒಂಬತ್ತೂವರೆಗೆ ರಜೆಯ ಸಂದೇಶ ಬಂತು,
ಕರಾವಳಿ ತಾಲೂಕುಗಳಿಗೆ ಮಾತ್ರ, ರೆಡ್ ಅಲರ್ಟ್.
ಅದರ ಬೆನ್ನಿಗೇ ಹೆಡ್‌ಮಾಸ್ತರರದು:
ಪಾಠ ನಿಲ್ಲಬಾರದು, ಗ್ರೂಪಿಗೆ ಹಾಕಿ,
ಸ್ಕ್ರೀನ್‌ಶಾಟ್ ನನಗೆ ಕಳಿಸಿ.

ಬೈತಖೋಲದ ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡೂ ಬಂದಿತ್ತು.
ಉಪ್ಪುಗಾಳಿಗೆ ಎರಡನೇ ಮಳೆಗಾಲದಲ್ಲೇ ಕಣ್ಣು ಮುಚ್ಚಿತು.
ಈಗ ಅದರ ಮೇಲೆ ಗಾದೆಗಳ ಚಾರ್ಟು ತೂಗುತ್ತದೆ.
ಉಳಿದದ್ದು ಫೋನು, ಮತ್ತು ನನ್ನ ಗಂಟಲು.

ಕುಕ್ಕರಿನ ಮೂರನೇ ಸೀಟಿ ಮುಗಿಯುವ ತನಕ ಕಾದು
ಏಳನೇ ಇಯತ್ತೆಯ ಮಕ್ಕಳಿಗೆ ಲೋಪಸಂಧಿ ಹೇಳಿದೆ,
ನಾಲ್ಕು ನಿಮಿಷ ಹತ್ತು ಸೆಕೆಂಡು:
ಸ್ವರದ ಮುಂದೆ ಸ್ವರ ಬಂದರೆ, ಮಕ್ಕಳೇ,
ಮೊದಲಿನದು ಬಿಟ್ಟುಹೋಗುತ್ತದೆ.
ಊರು, ಊರು: ಊರೂರು. ಮಾತು, ಇಲ್ಲ: ಮಾತಿಲ್ಲ.
ಹೋದದ್ದು ಯಾವುದು, ಹುಡುಕಿ.
ಇನ್ನೆರಡು ಉದಾಹರಣೆ ಬೇಕು, ನಿಮ್ಮವೇ, ಗೈಡಿನವಲ್ಲ.

ಮೂವತ್ತೊಂದು ಮಕ್ಕಳು, ಹತ್ತೊಂಬತ್ತು ಫೋನು.
ಹನ್ನೊಂದು ಹೆಬ್ಬೆಟ್ಟು ಬಂದವು.
ಗೈಡಿನ ಪುಟದ ಫೋಟೋ ನಾಲ್ಕು, ಒಂದು ತಲೆಕೆಳಗು.
ಯಾರದೋ ಅಪ್ಪ ಗುಲಾಬಿ ಹಾಕಿ ಶುಭೋದಯ ಅಂದ.

ಮಿಥಿಲ್ ತಾಂಡೇಲನ ನಂಬರು ಅವನದಲ್ಲ, ಆಯಿಯದು.
ಒಣಬಂಗಡೆ, ಒಣಶೆಟ್ಲಿಯ ಬುಟ್ಟಿಯೊಂದಿಗೆ
ಆರೂವರೆಯ ಬಸ್ಸಿಗೆ ಹತ್ತಿ ಅದು ಕೈಗಾ ಕಡೆ ಹೋಗುತ್ತದೆ.
ಹುಡುಗ ಇಲ್ಲಿ, ಪಾಠ ಅಲ್ಲಿ.
ಆದರೂ ಏಳು ಗಂಟೆಗೆ ಎರಡು ನೀಲಿ ಗೀಟು ಬಿದ್ದಿದ್ದವು.

ರವಿವಾರದ ಸಂತೆಯಲ್ಲಿ ಶೆವಂತಿ
ನನ್ನ ಕೊಡೆಯ ತುದಿ ಹಿಡಿದು ನಿಲ್ಲಿಸಿದಳು.
‘ಅಕ್ಕೋರೇ, ನಿಮ್ಮ ಪಾಠ ನಾ ಬಸ್ಸಲ್ಲಿ ಕೇಳ್ತೆ.
ಮಲ್ಲಾಪುರ ಬರೂದ್ರೊಳಗೆ ಸುಮಾರು ಸಲ ಆಗ್ತದೆ.
ಒಂದು ಕೇಳೂದಿತ್ತು.’
ತಕ್ಕಡಿ ಕೆಳಗಿಟ್ಟಳು.
‘ಆ ಬಿಟ್ಟುಹೋದ ಅಕ್ಷರ, ಖಂಯ್ ಗೆಲೆಂ?
ಎಲ್ಲಿಗೆ ಹೋಗ್ತದೆ ಅದು?’

ಹತ್ತೊಂಬತ್ತು ವರ್ಷದಲ್ಲಿ ಒಂದು ಮಗುವೂ ಕೇಳಿರಲಿಲ್ಲ.
ಪರೀಕ್ಷೆಗೆ ಬರುವುದಿಲ್ಲ ಅನ್ನುವುದು ನಾಲಿಗೆಯ ತುದಿಯಲ್ಲಿತ್ತು.
ಚೌಕಾಸಿ ಮಾಡದೆ ಪಾವು ಕಿಲೋ ಶೆಟ್ಲಿ ಕೊಂಡು
ಮನೆಗೆ ಬಂದೆ.

ರಾತ್ರಿ ಮತ್ತೆ ಬಾಗಿಲು ಹಾಕಿ ಕೂತೆ.
ಅದು ಮುಂದಿನ ಸ್ವರದೊಳಗೆ ಸೇರಿಕೊಂಡಿರುತ್ತದೆ, ಅಂದೆ.
ಕೇಳಿಸಿಕೊಂಡರೆ ನನಗೇ ಸುಳ್ಳೆನಿಸಿತು.
ಉಚ್ಚಾರದ ಸೌಕರ್ಯಕ್ಕೆ, ಅಂದೆ.
ಯಾರ ಸೌಕರ್ಯ?
ಮೂರನೆಯದನ್ನು ಗ್ರೂಪಿಗೆ ಕಳಿಸಿಯೂ ಕಳಿಸಿ
ನಿಮಿಷದೊಳಗೆ ಹಿಂದಕ್ಕೆಳೆದುಕೊಂಡೆ.

ಹತ್ತೊಂಬತ್ತು ಫೋನಿನಲ್ಲೂ ಅದರ ಜಾಗ ಮಾತ್ರ ಉಳಿಯಿತು:
ಈ ಸಂದೇಶವನ್ನು ಅಳಿಸಲಾಗಿದೆ.
ಹೋದದ್ದಕ್ಕೆ ಇಷ್ಟುದ್ದದ ಗುರುತು
ನಮ್ಮ ವ್ಯಾಕರಣದಲ್ಲಿಲ್ಲ.
ಅಕ್ಕೋರು ಏನು ಹಾಕಿದ್ರಿ? ಅಕ್ಕೋರೇ, ನಾಳೆ ರಜೆಯಾ?
ಹೆಡ್‌ಮಾಸ್ತರರು ಬರೀ ಪ್ರಶ್ನೆಯ ಗುರುತು.

ಸೋಮವಾರ ಹತ್ತು ನಲವತ್ತಕ್ಕೆ ಮಿಥಿಲನ ನಂಬರಿನಿಂದ
ಇಪ್ಪತ್ತಾರು ಸೆಕೆಂಡಿನ ದನಿ.
ಮೊದಲು ಮಳೆ, ಬಸ್ಸಿನ ಹಾರ್ನು, ಮಲ್ಲಾಪುರ ಮಲ್ಲಾಪುರ.
ತಾಜಾ ಏನೂ ಇಲ್ವಾ ಎಂದು ಯಾರೋ.
ಸ್ವಲ್ಪ ತಡಿರಿ, ಪಾಠ ಅದೆ, ಎಂದು ಆ ಯಾರಿಗೋ ಇವಳು.
ಆಮೇಲೆ ತಹಶೀಲ್ದಾರರ ಎದುರು ನಿಂತವಳ ಹಾಗೆ
ಒಂದೊಂದೇ ಅಕ್ಷರ ತೂಗಿ ತೂಗಿ:

‘ಮಿಥಿಲನ ಉದಾಹರಣೆ, ಅಕ್ಕೋರೇ.
ಮೀನು. ಇಲ್ಲ.
ಮೀನಿಲ್ಲ.
ಉ ಹೋಯ್ತು.’

ತುಸು ಮಳೆ. ಒಂದು ನಗು, ಕೈ ಅಡ್ಡ ಹಿಡಿದದ್ದು.

‘ಆಗಸ್ಟಿಗೆ ಬರ್ತದೆ.’

ಸರಿ, ಎಂದು ಬರೆದೆ.
ಎರಡು ಕೇಳಿದ್ದೆ, ಇನ್ನೊಂದು ಬಾಕಿ,
ಎಂದೂ ಬರೆದೆ.